ಗಮ್ ಕೈಕೊಟ್ಟಿತೋ, ಫೋಮ್ ಎಣ್ಣೆ ಬಿಟ್ಟಿತೋ? ಜಾರುವ ಗ್ಯಾಸ್ಕೆಟ್‌ನ ದೋಷ ಹುಡುಕುವುದು ಹೇಗೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಪ್ಯಾನಲ್ ಬೋರ್ಡ್, ಅಂದರೆ ಕರೆಂಟಿನ ತಗಡಿನ ಪೆಟ್ಟಿಗೆ ಮಾಡುವ ಗಿರಾಕಿಯೊಬ್ಬರಿಂದ ಫೋನ್ ಬಂತು. "ಸಾರ್, ಬಾಗಿಲು ತೆಗೆದ್ರೆ ಗ್ಯಾಸ್ಕೆಟ್ ಹಾವಿನ ಥರ ನೇತಾಡ್ತಾ ಇದೆ. ಗಮ್ ಸರಿ ಇಲ್ಲ ನಿಮ್ದು."

ನಮ್ಮದು ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಡೈ ಕಟಿಂಗ್ (ಅಚ್ಚಿನಿಂದ ಕತ್ತರಿಸುವ) ಘಟಕ. ಫೋಮ್ ಶೀಟ್ ತರಿಸುತ್ತೇವೆ, ಹಿಂಬದಿಗೆ ಗಮ್ ಹಾಕುತ್ತೇವೆ, ಅಳತೆಗೆ ಕತ್ತರಿಸಿ, ಬಾಗಿಲ ಸಂದಿನಲ್ಲಿ ನೀರು, ಧೂಳು ನುಗ್ಗದಂತೆ ಕೂರಿಸುವ ಗ್ಯಾಸ್ಕೆಟ್ ಪಟ್ಟಿಯಾಗಿ ಕಳಿಸುತ್ತೇವೆ. ಅವತ್ತು ಸಂಜೆಯೇ ಹೋಗಿ ನೋಡಿದೆ. ಬೀದಿ ದೀಪದ ಪ್ಯಾನಲ್, ಹೊರಗೆ ಬಿಸಿಲಲ್ಲಿ ನಿಲ್ಲುವಂಥದ್ದು. ಕಪ್ಪು ಫೋಮ್ ತನ್ನ ಜಾಗದಿಂದ ಒಂದು ಬೆರಳಿನಷ್ಟು ಕೆಳಗೆ ಜಾರಿತ್ತು. ತುದಿ ಹಿಡಿದು ಎಳೆದೆ. ಪೇಂಟಿಗೂ ಫೋಮಿಗೂ ನಡುವೆ ಗಮ್ ಜೋನಿ ಬೆಲ್ಲದ ಹಾಗೆ ಎಳೆ ಎಳೆಯಾಗಿ ಬಂತು. ಫೋಮ್ ಕೂತಿದ್ದ ಜಾಗದಲ್ಲಿ ಪೇಂಟ್ ಮೇಲೆ ಕೊಬ್ಬರಿ ಎಣ್ಣೆ ಸವರಿದಂಥ ಹೊಳಪಿನ ಪಟ್ಟಿ. ಬೆರಳಿಟ್ಟರೆ ಜಿಡ್ಡು.

ಅಷ್ಟು ನೋಡಿಯೂ ನಾನು ಮಾಡಿದ್ದು ತಪ್ಪು ಕೆಲಸ. ಇನ್ನೂ ದಪ್ಪದ, ಇನ್ನೂ ಜಾಸ್ತಿ ಹಿಡಿಯುವ ಗಮ್ ಹಾಕಿ ಹೊಸ ಲಾಟ್ ಕಳಿಸಿದೆ. ಮೂರು ವಾರಕ್ಕೆ ಮತ್ತೆ ಅದೇ ಫೋನ್. ದಪ್ಪ ಗಮ್ ಇನ್ನೂ ಸಲೀಸಾಗಿ ಜಾರಿತ್ತು! ಈ ಬರಹ ಆ ಎರಡನೇ ಫೋನ್ ಆದ ಮೇಲೆ ಕಲಿತದ್ದು.

ಆಗುವುದೇನು

ತೂಬಗೆರೆಯ ಹಲಸಿನ ಹಣ್ಣು ತಂದರೆ ಬಿಡಿಸುವ ಮುಂಚೆ ಏನು ಮಾಡುತ್ತೇವೆ? ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ಳುತ್ತೇವೆ. ಎಣ್ಣೆ ಇದ್ದ ಕಡೆ ಹಲಸಿನ ಅಂಟು ಹಿಡಿಯುವುದಿಲ್ಲ. ಹಿಡಿದಿದ್ದರೂ ಎಣ್ಣೆ ಹಚ್ಚಿ ಉಜ್ಜಿದರೆ ಕರಗಿ ಬರುತ್ತದೆ. ಗ್ಯಾಸ್ಕೆಟ್‌ನಲ್ಲಿ ಆಗುವುದೂ ಇದೇ. ಎಣ್ಣೆ ಹೊರಗಿಂದ ಬರುವುದಿಲ್ಲ, ಫೋಮ್ ಒಳಗಿಂದಲೇ ಬರುತ್ತದೆ ಅನ್ನುವುದಷ್ಟೇ ವ್ಯತ್ಯಾಸ.

ಪಿವಿಸಿ ಫೋಮನ್ನೇ ತೆಗೆದುಕೊಳ್ಳಿ. ಪಿವಿಸಿ ಹುಟ್ಟಾ ಗಟ್ಟಿ. ನೀರಿನ ಪೈಪ್ ನೋಡಿ, ಅದು ಪಿವಿಸಿಯೇ. ಅದನ್ನು ಮೆತ್ತಗೆ ಮಾಡಲು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವ ಬೆರೆಸುತ್ತಾರೆ. ನಮ್ಮಲ್ಲಿ ಬಹುಕಾಲ ಎಲ್ಲರ ಬಾಯಲ್ಲೂ ಇದ್ದ ಹೆಸರು ಡಿಒಪಿ. ಈ ದ್ರವ ಪಿವಿಸಿ ಜೊತೆ ರಾಸಾಯನಿಕವಾಗಿ ಕಟ್ಟಿಕೊಂಡಿರುವುದಿಲ್ಲ. ಸ್ಪಂಜಿನಲ್ಲಿ ನೀರು ಇದ್ದ ಹಾಗೆ ಸುಮ್ನೆ ಸೇರಿಕೊಂಡಿರುತ್ತದೆ. ಪಕ್ಕದಲ್ಲಿ ಅದನ್ನು ಹೀರುವ ಇನ್ನೊಂದು ವಸ್ತು ಸಿಕ್ಕರೆ ಅಲ್ಲಿಗೆ ನಡೆಯುತ್ತದೆ. ಅಂಥ ವಸ್ತು ಗಮ್‌ಗಿಂತ ಬೇರೆ ಬೇಕಾ?

ಒಂದು ತಮಾಷೆ. ಪಿವಿಸಿಯನ್ನು ಹೀಗೆ ಮೆತ್ತಗೆ ಮಾಡಬಹುದು ಎಂದು 1926ರಲ್ಲಿ ಕಂಡುಕೊಂಡವರು ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್. ಆಗ ಅವರು ಹುಡುಕುತ್ತಿದ್ದದ್ದು ರಬ್ಬರನ್ನು ಲೋಹಕ್ಕೆ ಅಂಟಿಸುವ ಗಮ್! ಸಿಕ್ಕಿದ್ದು ಗಮ್‌ಗೆ ವೈರಿ.

ಮನೆಯಲ್ಲೇ ಇದಕ್ಕೆ ಸಾಕ್ಷಿ ಬೇಕೆಂದರೆ ಮಕ್ಕಳ ಜಾಮಿಟ್ರಿ ಬಾಕ್ಸ್ ತೆಗೆಯಿರಿ. ಅಳಿಸುವ ರಬ್ಬರ್ ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿಕೊಂಡು, ಕಿತ್ತರೆ ಸ್ಕೇಲಿನಲ್ಲಿ ಗುಳಿ ಬಿದ್ದಿರುತ್ತದೆ. ಬೆಳ್ಳಗಿನ ಪ್ಲಾಸ್ಟಿಕ್ ರಬ್ಬರುಗಳು ಮೆತ್ತಗಿನ ಪಿವಿಸಿ. ಅದರ ಎಣ್ಣೆ ಪಾಲಿಸ್ಟೈರೀನ್ ಸ್ಕೇಲಿಗೆ ಇಳಿದು ಅದನ್ನು ಮೆತ್ತಗೆ ಮಾಡಿಬಿಡುತ್ತದೆ. ರಬ್ಬರಿಗೆ ಕಾಗದದ ಅಂಗಿ ತೊಡಿಸಿ ಮಾರುವುದು ಚೆಂದಕ್ಕೆ ಮಾತ್ರ ಅಲ್ಲ.

ಇನ್ನು ಸ್ವಲ್ಪ ಲೆಕ್ಕ. 5 ಮಿಮೀ ದಪ್ಪದ ಫೋಮ್, ಸಾಂದ್ರತೆ ಘನ ಮೀಟರಿಗೆ 150 ಕಿಲೋ ಎಂದು ಇಟ್ಟುಕೊಳ್ಳಿ. ಒಂದು ಚದರ ಮೀಟರ್ ಶೀಟ್ 750 ಗ್ರಾಂ ತೂಗುತ್ತದೆ. ಅದರಲ್ಲಿ 30% ಎಣ್ಣೆ ಇದ್ದರೆ 225 ಗ್ರಾಂ. ಅದೇ ಒಂದು ಚದರ ಮೀಟರಿಗೆ ಬಳಿದ ಗಮ್ ಸುಮಾರು 60 ಗ್ರಾಂ. ಅಂದರೆ ಗಮ್‌ನ ತೂಕದ ಮೂರೂಮುಕ್ಕಾಲು ಪಟ್ಟು ಎಣ್ಣೆ ಅದರ ಬೆನ್ನಿಗೇ ಕೂತಿದೆ. ಅದರಲ್ಲಿ ಒಂದಿಷ್ಟು ಬಂದರೂ ಗಮ್ ಲೋಳೆಯಾಗುತ್ತದೆ. ಗಮ್ ದಪ್ಪ ಮಾಡಿದರೆ ಲೋಳೆಯ ಪದರ ದಪ್ಪವಾಗುತ್ತದೆ, ಅಷ್ಟೇ. ನನ್ನ ಎರಡನೇ ಲಾಟ್ ಕೆಟ್ಟದ್ದು ಹೀಗೆ.

ಮೊದಲು ಕೇಳಬೇಕಾದ ಒಂದೇ ಪ್ರಶ್ನೆ

"ಅಂಟಿಸಿದ ದಿನ ಹೇಗಿತ್ತು?"

ಮೊದಲ ದಿನವೇ ಹಿಡಿಯದಿದ್ದರೆ ಎಣ್ಣೆಯ ಮೇಲೆ ಅನುಮಾನ ಕಡಿಮೆ. ಪೇಂಟ್ ಮೇಲ್ಮೈ, ಧೂಳು, ಸಿಲಿಕೋನ್ ಇವುಗಳನ್ನು ನೋಡಿ. ಮೊದಲು ಗಟ್ಟಿಯಾಗಿ ಹಿಡಿದು, ವಾರಗಳು ಕಳೆದ ಮೇಲೆ, ಅದರಲ್ಲೂ ಬಿಸಿಲಿಗೆ ನಿಂತ ಮೇಲೆ ಜಾರಿದರೆ ಎಣ್ಣೆಯೇ ಮೊದಲ ಆರೋಪಿ. ಎಣ್ಣೆ ನಡೆದು ಬರಲು ಸಮಯ ಬೇಕು. ಬಿಸಿ ಏರಿದಷ್ಟೂ ಅದರ ನಡಿಗೆ ಜೋರಾಗುತ್ತದೆ. ಬೆಂಗಳೂರಿನ ಗಾಳಿ 36 ಡಿಗ್ರಿ ಇದ್ದರೂ ಬಿಸಿಲಿಗೆ ನಿಂತ ಕಡು ಬಣ್ಣದ ತಗಡಿನ ಬಾಗಿಲು ಮುಟ್ಟಿ ನೋಡಿ, ಕೈ ಇಡಲಾಗುವುದಿಲ್ಲ.

ಇಲ್ಲೊಂದು ಎಡವಟ್ಟು ಇದೆ. ಎಣ್ಣೆಯ ನಡಿಗೆ ಶುರುವಾಗುವುದು ಗ್ಯಾಸ್ಕೆಟ್ ಬಾಗಿಲಿಗೆ ಅಂಟಿಸಿದ ದಿನ ಅಲ್ಲ, ಫೋಮಿಗೆ ಗಮ್ ಹಾಕಿದ ದಿನ. ಆರು ತಿಂಗಳು ಗೋಡೌನಿನಲ್ಲಿ ಬಿದ್ದಿದ್ದ ಹಳೇ ಸ್ಟಾಕ್ ಮೊದಲ ದಿನವೇ ಕೈಕೊಡಬಹುದು. ಹಾಗಾಗಿ ಗಮ್ ಹಾಕಿದ ತಾರೀಖನ್ನೂ ಕೇಳಿ. ಗಮ್ ಮೇಲೆ ಹೊದಿಸಿದ ರಿಲೀಸ್ ಪೇಪರ್ ತೆಗೆದಾಗ ಗಮ್ ಅದರ ಮೇಲೆ ಎಳೆ ಬಿಟ್ಟರೆ, ಪೇಪರ್‌ನ ಅಂಚಿನಲ್ಲಿ ಜಿಡ್ಡಿನ ಕಲೆ ಇದ್ದರೆ, ಮಾಲು ಗೋಡೌನಿನಲ್ಲೇ ಹಾಳಾಗಿದೆ.

ಕಿತ್ತು ನೋಡಿ: ಗಮ್ ಯಾವ ಕಡೆ ಉಳಿಯಿತು?

ಒಂದು ತುದಿಯಿಂದ ನಿಧಾನವಾಗಿ ಕೀಳಿ. ಗಮ್ ಎರಡೂ ಕಡೆ ಉಳಿದು ಮಧ್ಯೆ ಎಳೆ ಬಂದರೆ, ಗಮ್ ಒಳಗೇ ಮೆತ್ತಗಾಗಿದೆ. ಎಣ್ಣೆ ಕುಡಿದ ಗಮ್‌ನ ಸರಿಯಾದ ಗುರುತು ಇದು. ಆದರೆ ರಬ್ಬರ್ ಜಾತಿಯ ಗಮ್ ಬರೀ ಬಿಸಿಗೂ ಹೀಗೆ ಮಾಡುತ್ತದೆ. ತಣ್ಣಗಾದ ಮೇಲೆ, ಬೆಳಿಗ್ಗೆ ಹೊತ್ತು ಮತ್ತೊಮ್ಮೆ ಕಿತ್ತು ನೋಡಿ. ಆಗಲೂ ಎಳೆ ಬಂದರೆ ಅದು ಬಿಸಿಯ ಆಟ ಅಲ್ಲ.

ಗಮ್ ಪೂರ್ತಿ ಪ್ಯಾನಲ್ ಮೇಲೆ ಉಳಿದು ಫೋಮ್ ಬರಿಮೈ ಆಗಿ ಬಂದರೆ, ಫೋಮಿಗೂ ಗಮ್‌ಗೂ ನಡುವೆ ಎಣ್ಣೆ ಪದರ ಕಟ್ಟಿದೆ. ಫೋಮಿನ ಬೆನ್ನನ್ನು ಟಿಶ್ಯೂನಿಂದ ಒತ್ತಿ ಒರೆಸಿ, ಟಿಶ್ಯೂವನ್ನು ಬೆಳಕಿಗೆ ಹಿಡಿಯಿರಿ.

ಗಮ್ ಪೂರ್ತಿ ಫೋಮಿನ ಮೇಲೆ ಉಳಿದು ಪ್ಯಾನಲ್ ಶುಭ್ರವಾಗಿದ್ದರೆ, ಪೇಂಟ್ ಮೇಲೆ ಅನುಮಾನ ಪಡಿ. ಪೌಡರ್ ಕೋಟಿಂಗಿನಲ್ಲಿ (ಪುಡಿ ಬಳಿದು ಕಾಯಿಸಿ ಕೂರಿಸುವ ಪೇಂಟ್) ಮೇಣದಂಥ ಅಂಶ ಜಾಸ್ತಿ ಇದ್ದರೆ ಗಮ್ ಕೂರುವುದಿಲ್ಲ. ಒಂದು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲೆ ನಿಂತ ಹಾಗೆ ಗುಂಡಗೆ ನಿಂತರೆ ಮೇಲ್ಮೈ ಸರಿ ಇಲ್ಲ. ಒರಟು ಟೆಕ್ಸ್ಚರ್ ಪೇಂಟ್ ಆಗಿದ್ದರೆ ಗಮ್ ಮುಟ್ಟುವುದೇ ಗುಬ್ಬುಗಳ ತಲೆಗೆ ಮಾತ್ರ. ಇನ್ನೊಂದು ಮಾತು ನಮ್ಮವರಿಗೇ: ಡೈ ಹತ್ತಿರ ಸಿಲಿಕೋನ್ ಸ್ಪ್ರೇ ಹೊಡೆಯಬೇಡಿ. ಅದು ಹಾರಿ ಗಮ್ ಮೇಲೆ ಕೂತರೆ ಯಾವ ಪರೀಕ್ಷೆಯಲ್ಲೂ ಸುಲಭವಾಗಿ ಸಿಗುವುದಿಲ್ಲ, ದಿನಗಟ್ಟಲೆ ತಲೆ ತಿನ್ನುತ್ತದೆ.

ಗಮ್ ಎಳೆ ಬಿಡುವ ಬದಲು ಒಣಗಿ ಗಟ್ಟಿಯಾಗಿರುವುದೂ ಉಂಟು. ಗಮ್‌ನಲ್ಲಿರುವ ಅಂಟಿನ ರಾಳ ಉಲ್ಟಾ ದಿಕ್ಕಿನಲ್ಲಿ ಫೋಮಿಗೆ ಇಳಿದಾಗ ಹೀಗಾಗಬಹುದು. ಫೋಮನ್ನೂ ಮುಟ್ಟಿ ನೋಡಿ. ಎಣ್ಣೆ ಕಳೆದುಕೊಂಡ ಪಿವಿಸಿ ಫೋಮ್ ಗಟ್ಟಿಯಾಗಿ, ಉದ್ದದಲ್ಲಿ ಕುಗ್ಗಿರುತ್ತದೆ. ಮೂಲೆಗಳಲ್ಲಿ ಎರಡು ತುಂಡು ಸೇರುವ ಕಡೆ ಸಂದು ಬಿಟ್ಟಿದ್ದರೆ ಅಳತೆ ಪಟ್ಟಿ ಇಟ್ಟು ನೋಡಿ.

ಫೋಮ್ ಯಾವ ಜಾತಿ?

ಮಾರುವವರು "ನೈಟ್ರೈಲ್ ಫೋಮ್ ಸಾರ್" ಎನ್ನುತ್ತಾರೆ. ಬಹಳ ಸಲ ಅದು ನೈಟ್ರೈಲ್ ರಬ್ಬರ್ ಮತ್ತು ಪಿವಿಸಿ ಬೆರಕೆ. ಅದರಲ್ಲೂ ಎಣ್ಣೆ ಇರುತ್ತದೆ. ಒಂದು ಹಳೇ ಪರೀಕ್ಷೆ ಇದೆ. ಬರಿ ತಾಮ್ರದ ತಂತಿಯನ್ನು ಗ್ಯಾಸ್ ಉರಿಯಲ್ಲಿ ಹಸಿರು ಬಣ್ಣ ಹೋಗುವ ತನಕ ಕಾಯಿಸಿ. ಬಿಸಿ ತಂತಿಯನ್ನು ಫೋಮಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಎಲೆ ಹಸಿರು ಜ್ವಾಲೆ ಬಂದರೆ ಕ್ಲೋರಿನ್ ಇದೆ. ಪಿವಿಸಿ ಇರಬಹುದು, ನಿಯೋಪ್ರೀನ್ ರಬ್ಬರ್ ಕೂಡ ಇರಬಹುದು, ಎರಡಕ್ಕೂ ಹಸಿರೇ ಬರುತ್ತದೆ. ಸಾಸಿವೆ ಕಾಳಿನಷ್ಟು ಫೋಮ್ ಸಾಕು, ಕಿಟಕಿ ತೆರೆದಿರಲಿ. ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ, ಮೂಗು ಹತ್ತಿರ ತರಬೇಡಿ.

ಹಸಿರು ಬರಲಿಲ್ಲ ಎಂದ ಮಾತ್ರಕ್ಕೆ ಎಣ್ಣೆ ಇಲ್ಲ ಅಂತಲ್ಲ. ಇಪಿಡಿಎಂ ಎಂಬ ರಬ್ಬರಿನ ಸ್ಪಂಜಿನಲ್ಲಿ ಪ್ಯಾರಫಿನ್ ಜಾತಿಯ ಎಣ್ಣೆ ಇರುತ್ತದೆ. ಅದು ರಬ್ಬರ್ ಗಮ್‌ಗೆ ಸುಲಭವಾಗಿ ಇಳಿಯುತ್ತದೆ. ಕ್ರಾಸ್‌ಲಿಂಕ್ ಮಾಡಿದ (ಅಣುಗಳನ್ನು ಒಂದಕ್ಕೊಂದು ಹೆಣೆದ) ಪಾಲಿಎಥಿಲೀನ್ ಫೋಮಿನಲ್ಲಿ ಪ್ಲಾಸ್ಟಿಸೈಸರ್ ಹಾಕುವ ಅಗತ್ಯವೇ ಇರುವುದಿಲ್ಲ.

ಮೂರು ತುಂಡು, ಒಂದು ಅವನ್

ಇಲ್ಲಿಯವರೆಗಿನದು ಅನುಮಾನ. ಗಿರಾಕಿ ಮುಂದೆ, ಫೋಮ್ ಕೊಟ್ಟವರ ಮುಂದೆ ಇಡಬೇಕಾದದ್ದು ಸಾಕ್ಷಿ. ಗಮ್ ಕೊಟ್ಟವರು ಫೋಮಿನ ಕಡೆ ಕೈ ತೋರಿಸುತ್ತಾರೆ, ಫೋಮ್ ಕೊಟ್ಟವರು ಪೇಂಟಿನ ಕಡೆ. ಹಾಗಾಗಿ ಮೂವರನ್ನೂ ಬೇರೆ ಬೇರೆ ಮಾಡಿ ಕೂರಿಸಬೇಕು.

ಅದಕ್ಕೂ ಮುಂಚೆ ಕಾಗದದ ಪರೀಕ್ಷೆ. ಬೋಂಡಾ ಕಟ್ಟಿಕೊಟ್ಟ ಪೇಪರ್ ನೆನಪಿದೆಯಲ್ವಾ? ಅದೇ ತತ್ವ. ಗಮ್ ಹಾಕದ ಫೋಮಿನ 5 ಸೆಂಮೀ ಚೌಕದ ತುಂಡನ್ನು ಎರಡು ಬಿಳಿ ಕಾಗದಗಳ ನಡುವೆ ಇಡಿ. ಬಟರ್ ಪೇಪರ್ ಬೇಡ, ಅದು ಎಣ್ಣೆ ಹೀರುವುದಿಲ್ಲ. ಮೇಲೆ ಒಂದು ಕಿಲೋ ತೂಕದ ಕಬ್ಬಿಣ. 70 ಡಿಗ್ರಿ ಅವನ್‌ನಲ್ಲಿ ಒಂದು ದಿನ. ತೆಗೆದು ತಣ್ಣಗಾದ ಮೇಲೆ ಕಾಗದವನ್ನು ಕಿಟಕಿಗೆ ಹಿಡಿಯಿರಿ. ಚೌಕದ ಆಕಾರದಲ್ಲಿ ಬೆಳಕು ತೂರಿ ಬಂದರೆ ಎಣ್ಣೆ. ತೇವದ ಕಲೆಯಾದರೆ ಒಣಗಿ ಹೋಗುತ್ತದೆ, ಎಣ್ಣೆಯ ಕಲೆ ಮರುದಿನವೂ ಅಲ್ಲೇ ಇರುತ್ತದೆ. 0.01 ಗ್ರಾಂ ತೋರಿಸುವ ತಕ್ಕಡಿ ಇದ್ದರೆ ಫೋಮನ್ನೂ ಕಾಗದವನ್ನೂ ಮೊದಲು, ಆಮೇಲೆ ತೂಗಿ ಬರೆದಿಡಿ. ಇದನ್ನೇ ಅಚ್ಚುಕಟ್ಟಾಗಿ ಮಾಡುವ ವಿಧಾನ ಐಎಸ್‌ಒ 177 ಮಾನದಂಡದಲ್ಲಿದೆ.

ಈಗ ಮೂರು ತುಂಡು. ಮೊದಲನೆಯದು ಫೋಮ್ ಮತ್ತು ಗಮ್, ಅದೇ ಪೇಂಟ್ ಹೊಡೆದ ತಗಡಿನ ಮೇಲೆ. ಎರಡನೆಯದು ಅದೇ ಗಮ್, ಆದರೆ ಫೋಮ್ ಬದಲು ಪಾಲಿಯೆಸ್ಟರ್ ಫಿಲ್ಮ್ ಹಾಕಿ ಅದೇ ತಗಡಿನ ಮೇಲೆ. ಮೂರನೆಯದು ಫೋಮ್ ಮತ್ತು ಗಮ್, ಗಾಜಿನ ಮೇಲೆ. ಮೂರನ್ನೂ 70 ಡಿಗ್ರಿಯಲ್ಲಿ ಏಳು ದಿನ, ನಿಲ್ಲಿಸಿದ ಹಾಗೆ ಇಡಿ. ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದಿರಿ, ಎಷ್ಟು ಜಾರಿತು ಗೊತ್ತಾಗಲಿ. ಬೇಗ ಮುಗಿಸೋಣ ಎಂದು 100 ಡಿಗ್ರಿಗೆ ಏರಿಸಬೇಡಿ. ರಬ್ಬರ್ ಗಮ್ ತಾನೇ ಸೋಲುತ್ತದೆ, ಆಗ ಯಾರ ತಪ್ಪು ಎಂದು ತಿಳಿಯುವುದಿಲ್ಲ.

ಒಂದು ಮತ್ತು ಮೂರು ಜಾರಿ, ಎರಡನೆಯದು ನಿಂತರೆ ಫೋಮಿನ ಎಣ್ಣೆ. ಒಂದು ಮತ್ತು ಎರಡು ಬಿದ್ದು ಮೂರು ನಿಂತರೆ ಪೇಂಟ್. ಮೂರೂ ಬಿದ್ದರೆ ಆ ಬಿಸಿಗೆ ಆ ಗಮ್ ಲಾಯಕ್ಕಿಲ್ಲ. ನಮ್ಮ ವಿಷಯದಲ್ಲಿ ಗಾಜಿನ ತುಂಡು ಐದನೇ ದಿನವೇ ಕೆಳಗೆ ಕೂತಿತ್ತು. ಗಾಜಿನ ಹಿಂದಿನಿಂದ ನೋಡಿದರೆ ಗಮ್ ಒದ್ದೆಯಾದಂತೆ ಹೊಳೆಯುತ್ತಿತ್ತು. ಫಿಲ್ಮ್ ಹಾಕಿದ ತುಂಡನ್ನು ಕೀಳಲು ಉಗುರು ಸೋತಿತು.

ಇಷ್ಟಾದ ಮೇಲೂ ಫೋಮ್ ಕೊಟ್ಟವರು ಒಪ್ಪದಿದ್ದರೆ ಲ್ಯಾಬಿಗೆ ಹೋಗಿ. ಪ್ಯಾನಲ್ ಮೇಲೆ ಉಳಿದ ಜಿಡ್ಡನ್ನು ಎಫ್‌ಟಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ವಸ್ತು ಗುರುತಿಸುವ) ಯಂತ್ರದಲ್ಲಿ ನೋಡಿದರೆ ಥ್ಯಾಲೇಟ್ ಜಾತಿಯ ಎಣ್ಣೆ (ಡಿಒಪಿ ಈ ಜಾತಿಯದೇ) ನಕ್ಷೆಯಲ್ಲಿ 1725 ಸೆಂಮೀ⁻¹ ಆಸುಪಾಸು ದೊಡ್ಡ ಶಿಖರವನ್ನೂ, 1600 ಮತ್ತು 1580ರ ಹತ್ತಿರ ಜೋಡಿ ಸಣ್ಣ ಶಿಖರಗಳನ್ನೂ ತೋರಿಸುತ್ತದೆ. ಬಳಸದ ಗಮ್‌ನ ತುಂಡನ್ನೂ ಜೊತೆಗೆ ಕೊಡಿ, ಹೋಲಿಸಿ ನೋಡಲು.

"ರೋಹ್ಸ್ ಸರ್ಟಿಫಿಕೇಟ್ ಇದೆಯಲ್ಲ ಸಾರ್"

ಈ ಮಾತು ಕೇಳಿ ಕೇಳಿ ಸಾಕಾಗಿದೆ. ರೋಹ್ಸ್ ಎಂದರೆ ವಿದ್ಯುತ್ ಸಾಮಾನುಗಳಲ್ಲಿ ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ಯುರೋಪಿನ ನಿಯಮ. ಅದು 2019ರ ಜುಲೈ 22ರಿಂದ ನಾಲ್ಕು ಥ್ಯಾಲೇಟ್‌ಗಳಿಗೆ ತಲಾ 0.1% ಮಿತಿ ಹಾಕಿದೆ. ನಮ್ಮ ಡಿಒಪಿ ಅದರಲ್ಲಿ ಒಂದು, ಅಲ್ಲಿ ಅದರ ಹೆಸರು ಡಿಇಎಚ್‌ಪಿ. ಅದಕ್ಕೇ ಫೋಮ್ ಮಾಡುವವರು ಡಿಐಎನ್‌ಪಿ, ಡಿಒಟಿಪಿ ಎಂಬ ಬೇರೆ ಪ್ಲಾಸ್ಟಿಸೈಸರ್‌ಗಳ ಕಡೆಗೆ ಹೊರಳಿದ್ದಾರೆ. ಅವೂ ಎಣ್ಣೆಯೇ. ಅವೂ ನಡೆಯುತ್ತವೆ. ಸರ್ಟಿಫಿಕೇಟ್ ಹೇಳುವುದು ಯಾವ ಎಣ್ಣೆ ಇಲ್ಲ ಎಂದು. ಎಣ್ಣೆ ಹೊರಗೆ ಬರುವುದಿಲ್ಲ ಎಂದಲ್ಲ.

ಪರಿಹಾರ

ಒಳ್ಳೆಯದು, ಎಣ್ಣೆ ಇಲ್ಲದ ಫೋಮಿಗೆ ಹೋಗುವುದು. ಆದರೆ ಪಾಲಿಎಥಿಲೀನ್ ಫೋಮ್ ಒತ್ತಿದರೆ ಒತ್ತಿದ ಹಾಗೇ ಕೂತುಬಿಡುತ್ತದೆ. ದಿನಾ ತೆಗೆದು ಹಾಕುವ ಬಾಗಿಲಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ. ದೊಡ್ಡ ಪ್ಯಾನಲ್ ಕಂಪನಿಗಳು ಪಿಯು (ಪಾಲಿಯುರೆಥೇನ್) ಫೋಮನ್ನು ಯಂತ್ರದಿಂದ ನೇರವಾಗಿ ಬಾಗಿಲ ಮೇಲೆ ಸುರಿಯುತ್ತವೆ, ಅಲ್ಲಿ ಗಮ್‌ನ ಮಾತೇ ಇಲ್ಲ. ನಮ್ಮಂಥವರಿಗೆ ಆ ಯಂತ್ರ ದೂರದ ಮಾತು.

ಎರಡನೆಯ ದಾರಿ ನಡುವೆ ತಡೆ ಕಟ್ಟುವುದು. ಡಬಲ್ ಸೈಡ್ ಟೇಪಿನ ಒಳಗಿನ ಪದರ ಟಿಶ್ಯೂ ಆಗಿದ್ದರೆ ಎಣ್ಣೆಗೆ ಅದು ಸೊಳ್ಳೆ ಪರದೆಯಲ್ಲಿ ನೀರು ಹಿಡಿದ ಹಾಗೆ. ಅದೇ ಪಾಲಿಯೆಸ್ಟರ್ ಫಿಲ್ಮ್ ಆಗಿದ್ದರೆ ಎಣ್ಣೆ ಅದನ್ನು ದಾಟಲು ತುಂಬ ಕಷ್ಟಪಡುತ್ತದೆ. ಪ್ಯಾನಲ್ ಕಡೆಯ ಗಮ್ ಉಳಿಯುತ್ತದೆ. ಇಷ್ಟಕ್ಕೇ ಖುಷಿಪಟ್ಟು ನಾನು ಇನ್ನೊಮ್ಮೆ ಎಡವಿದ್ದೆ. ಫೋಮ್ ಕಡೆಯ ಗಮ್ ಎಣ್ಣೆಯಲ್ಲೇ ಕೂತಿರುತ್ತದಲ್ಲ? ಅದು ಲೋಳೆಯಾಗಿ ಫೋಮ್ ಫಿಲ್ಮಿನಿಂದಲೇ ಕಳಚಿತು. ಹಾಗಾಗಿ ಫೋಮ್ ಕಡೆಗೆ ಪ್ಲಾಸ್ಟಿಸೈಸರ್ ತಡೆಯುವ ಅಕ್ರಿಲಿಕ್ ಗಮ್ ಬೇಕು. ಬರೀ "ಅಕ್ರಿಲಿಕ್" ಎಂದು ಕೇಳಿದರೆ ಸಾಲದು, ಮಾಮೂಲಿ ಅಕ್ರಿಲಿಕ್ ಕೂಡ ಡಿಒಪಿ ಕುಡಿಯುತ್ತದೆ. ಮೆತ್ತಗಿನ ಪಿವಿಸಿಗೆಂದೇ ಮಾಡಿದ್ದು ಬೇಕೆಂದು ಹೇಳಿ, ನಿಮ್ಮದೇ ಫೋಮ್ ಮೇಲೆ ಏಳು ದಿನ ಅವನ್‌ನಲ್ಲಿಟ್ಟು ನೋಡಿ.

ಫೋಮ್ ಮಾಡುವವರ ಜೊತೆ ಮಾತಾಡುವಷ್ಟು ಆರ್ಡರ್ ಇದ್ದರೆ ಪಾಲಿಮರಿಕ್ ಪ್ಲಾಸ್ಟಿಸೈಸರ್ ಕೇಳಿ. ಅಣು ದೊಡ್ಡದು, ನಡಿಗೆ ನಿಧಾನ. ಬೆಲೆ ಜಾಸ್ತಿ, ಚಳಿಗೆ ಫೋಮ್ ಬಿರುಸಾಗುತ್ತದೆ ಎಂಬ ತಕರಾರು ಇದೆ. ಬೆಂಗಳೂರಿನಲ್ಲಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ಆ ತಕರಾರು ಕಾಶ್ಮೀರಕ್ಕೆ ಹೋಗುವ ಮಾಲಿಗೆ ಇರಲಿ.

ಈಗಾಗಲೇ ಜಾರಿದ ಪ್ಯಾನಲ್ ಕಥೆ ಬೇರೆ. ಹಳೇ ಗಮ್ಮನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ವೈಟ್ ಪೆಟ್ರೋಲ್ ಹಾಕಿದ ಬಟ್ಟೆಯಿಂದ ಒರೆಸಿ, ಆಮೇಲೆ ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೊಹಾಲ್) ಎರಡು ಸಲ, ಪ್ರತಿ ಸಲವೂ ಹೊಸ ಬಟ್ಟೆ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ. ಥಿನ್ನರ್, ಅಸಿಟೋನ್ ಹತ್ತಿರ ಸುಳಿಯಬಾರದು, ಪೌಡರ್ ಕೋಟಿಂಗ್ ಮೆತ್ತಗಾಗಿ ಹೋಗುತ್ತದೆ. ಪೇಂಟ್ ಕೂಡ ಒಂದಿಷ್ಟು ಎಣ್ಣೆ ಹೀರಿರುತ್ತದೆ. ಬಾಗಿಲನ್ನು ಒಂದು ದಿನ ಬಿಸಿಲಿಗಿಟ್ಟು ಮತ್ತೆ ಬೆರಳಿಟ್ಟು ನೋಡಿ. ಜಿಡ್ಡು ಮರಳಿ ಬಂದಿದ್ದರೆ ಇನ್ನೊಮ್ಮೆ ಒರೆಸಿ. ಜಿಡ್ಡು ಹೋಗುವ ಮುಂಚೆಯೇ ಹೊಸ ಗ್ಯಾಸ್ಕೆಟ್ ಅಂಟಿಸಿದರೆ ಎಣ್ಣೆ ಈ ಸಲ ಪೇಂಟ್ ಕಡೆಯಿಂದ ಗಮ್‌ಗೆ ಏರುತ್ತದೆ.

ಬಾಗಿಲಲ್ಲಿ ಮೀಟರ್ ನೋಡುವ ಪಾಲಿಕಾರ್ಬೊನೇಟ್ ಕಿಟಕಿ ಇದ್ದರೆ ಅದನ್ನು ಬಿಡದೆ ನೋಡಿ. ಮೆತ್ತಗಿನ ಪಿವಿಸಿಯ ಎಣ್ಣೆ ಅದಕ್ಕೆ ತಾಗಿ, ಸ್ಕ್ರೂ ಬಿಗಿದ ಒತ್ತಡವೂ ಸೇರಿದರೆ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು ಬರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಬಿರುಕು ಕಂಡರೆ ಗ್ಯಾಸ್ಕೆಟ್ ಜೊತೆ ಕಿಟಕಿಯನ್ನೂ ಬದಲಿಸಬೇಕು, ಒರೆಸಿದರೆ ಹೋಗುವುದಲ್ಲ.

ಈಗ ನಮ್ಮಲ್ಲಿ ಪ್ರತಿ ಲಾಟಿನಿಂದ ಒಂದು ಗೇಣು ತುಂಡು ತೆಗೆದು, ತಗಡಿಗೆ ಅಂಟಿಸಿ ಕಪಾಟಿನಲ್ಲಿ ಇಡುತ್ತೇವೆ. ಫೋಮ್ ಬ್ಯಾಚ್, ಗಮ್ ಬ್ಯಾಚ್, ಗಮ್ ಹಾಕಿದ ತಾರೀಖು, ಮೂರನ್ನೂ ಬರೆದ ಚೀಟಿ ಜೊತೆಗೆ. ಚೀಟಿಯನ್ನು ತಗಡಿಗೆ ಅಂಟಿಸಿ, ಫೋಮಿಗೆ ಬೇಡ. ಬರೆಯುವುದೂ ಪೆನ್ಸಿಲಿನಲ್ಲೇ ಇರಲಿ. ಮೊದಲ ಸಲ ಹುಡುಗರು ಮಾರ್ಕರ್ ಪೆನ್ನಿನಿಂದ ನೇರವಾಗಿ ಫೋಮ್ ಮೇಲೆ ಬರೆದಿದ್ದರು. ಎರಡು ತಿಂಗಳಲ್ಲಿ ಇಂಕು ಎಣ್ಣೆಯೊಳಗೆ ಹರಡಿ, ತಾರೀಖು 3ನೆಯದೋ 8ನೆಯದೋ ಯಾರಿಗೂ ಓದಲು ಬರಲಿಲ್ಲ.